ಹೊಸ ನಾಯಿ ಮಗುವಿನ ಮೇಲೆ ಬಾಯಿ ಹಾಕಿದರೆ

ಊರಿಗೆ ಹೋದ ನಮ್ಮವರು ಮರಳಿ ಬರುವಾಗ ರೊಟ್ಟಿ, ಚಟ್ನಿಪುಡಿ, ಹಪ್ಪಳಗಳ ಗಂಟಿನೊಡನೆ ಒಮ್ಮೊಮ್ಮೆ ಒಂದು ನಾಯಿಯನ್ನೂ ತರುವುದುಂಟು. ಮಕ್ಕಳು ಕಾಡಿದರೆಂದು ಬೀದಿಯ ಮರಿಯನ್ನು ಒಳಗೆ ಕರೆದುಕೊಂಡವರಿದ್ದಾರೆ. ರಾತ್ರಿ ಪಾಳಿಗೆ ಹೋಗುವಾಗ ಮನೆಗೆ ಕಾವಲಿರಲಿ ಎಂದು ಬೆಳೆದ ನಾಯಿಯನ್ನೇ ತಂದು ಕಟ್ಟಿದವರೂ ಇದ್ದಾರೆ. ಕೆಲವು ದಿನ ಎಲ್ಲವೂ ಚೆನ್ನಾಗಿಯೇ ನಡೆಯುತ್ತದೆ. ಆಮೇಲೆ ಒಂದು ಸಂಜೆ ನಾಯಿ ಗುರ್ ಎಂದು ಮಗುವಿನ ಕೈಯತ್ತ ಬಾಯಿ ಹಾಕುತ್ತದೆ. ಮಗು ಕಿರುಚುತ್ತದೆ, ತಾಯಿ ಹೌಹಾರುತ್ತಾಳೆ, ತಂದೆ ಕೋಲು ಹುಡುಕುತ್ತಾನೆ. ನೆರೆಯವರೊಬ್ಬರು “ಇಂದೇ ಎಲ್ಲಿಯಾದರೂ ಬಿಟ್ಟು ಬನ್ನಿ” ಎನ್ನುತ್ತಾರೆ. ಮತ್ತೊಬ್ಬರು “ಮರಿ ನಾಯಿ, ಆಟಕ್ಕೆ ಮಾಡಿತು, ಅದಕ್ಕೇನು!” ಎಂದು ನಗುತ್ತಾರೆ.

ಈ ಎರಡು ಮಾತುಗಳೂ ಅವಸರದವು. ನಾಯಿ ಹಾಗೆ ಮಾಡುವುದಕ್ಕೆ ಕಾರಣವಿರುತ್ತದೆ. ಕಾರಣ ತಿಳಿದರೆ ಬಹಳಷ್ಟು ಮನೆಗಳಲ್ಲಿ ಉಪಾಯವೂ ಇರುತ್ತದೆ. ಆದರೆ ಕಾರಣ ಹುಡುಕುವ ಮೊದಲು ಮಾಡಬೇಕಾದ ಕೆಲಸವೊಂದಿದೆ. ಅದು ಮಗುವಿನ ಪ್ರಾಣಕ್ಕೆ ಸಂಬಂಧಿಸಿದ್ದು.

ಮೊದಲು ಮಗುವಿನ ಚರ್ಮ ನೋಡಿರಿ

ನಾಯಿಯನ್ನು ದೂರ ಕಟ್ಟಿ, ಮಗುವನ್ನು ಬೆಳಕಿಗೆ ತಂದು ಕೈ, ಮುಖ, ಕುತ್ತಿಗೆ, ಕಾಲುಗಳನ್ನು ಚೆನ್ನಾಗಿ ನೋಡಬೇಕು. ಹಲ್ಲು ಚರ್ಮಕ್ಕೆ ತಾಗದೆ ಗಾಳಿಯಲ್ಲೇ ಕೂಡಿಕೊಂಡಿದ್ದರೆ ದೊಡ್ಡ ಭಯವಿಲ್ಲ. ಹಲ್ಲಿನ ಗೀರು ಮೂಡಿದ್ದರೆ, ಅದು ಕೂದಲೆಳೆಯಷ್ಟೇ ಇದ್ದರೂ, ರಕ್ತ ಬಾರದಿದ್ದರೂ, ಉದಾಸೀನ ಮಾಡಲಾಗದು. ಕೂಡಲೆ ನಲ್ಲಿಯ ಕೆಳಗೆ ಹಿಡಿದು ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ನಲ್ಲಿಯಲ್ಲಿ ನೀರಿಲ್ಲದ ಹೊತ್ತಾದರೆ ತುಂಬಿಟ್ಟ ನೀರನ್ನು ಚೆಂಬಿನಿಂದ ಸುರಿಯುತ್ತ ತೊಳೆಯಬೇಕು. ಗಡಿಯಾರ ನೋಡಿ ತೊಳೆಯುವುದು ಲೇಸು. ಅಳುವ ಮಗುವನ್ನು ಹಿಡಿದವರಿಗೆ ಎರಡು ನಿಮಿಷವೂ ಹದಿನೈದರಂತೆ ತೋರುತ್ತದೆ. ಸುಣ್ಣ, ಖಾರದ ಪುಡಿ, ಅರಿಸಿನ, ಎಣ್ಣೆ, ಕಾಫಿಪುಡಿ ಇವಾವುದನ್ನೂ ಗಾಯಕ್ಕೆ ಮೆತ್ತಬಾರದು. ಬಿಗಿಯಾಗಿ ಬಟ್ಟೆ ಕಟ್ಟಲೂಬಾರದು.

ಇಷ್ಟಾದ ಮೇಲೆ ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು. ನಾಳೆ ರಜೆ ಸಿಗುವುದೋ ಇಲ್ಲವೋ, ಭಾನುವಾರ ನೋಡೋಣ ಎಂಬ ಲೆಕ್ಕ ಇಲ್ಲಿ ನಡೆಯದು. ಹುಚ್ಚುನಾಯಿ ರೋಗ, ಅಂದರೆ ರೇಬೀಸ್, ನಾಯಿಯ ಜೊಲ್ಲಿನಿಂದ ಗಾಯದ ಮೂಲಕ ಒಳಹೊಕ್ಕು ನರಗಳ ದಾರಿಯಾಗಿ ಮೆದುಳಿಗೆ ಏರುತ್ತದೆ. ಮೆದುಳನ್ನು ಮುಟ್ಟಿ ಲಕ್ಷಣಗಳು ತೋರಿದ ಮೇಲೆ ಬದುಕಿದವರು ಇಲ್ಲವೆಂದೇ ಹೇಳಬೇಕು. ಅದು ಅಲ್ಲಿಗೆ ಮುಟ್ಟಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುತ್ತದೆ. ಕೆಲವೊಮ್ಮೆ ಒಂದೇ ವಾರ, ಕೆಲವೊಮ್ಮೆ ವರ್ಷ. ಈ ಅವಧಿಯೊಳಗೆ ಲಸಿಕೆ ತನ್ನ ಕೆಲಸ ಮಾಡಬೇಕು. ಚಿಕ್ಕ ಮಕ್ಕಳ ಎತ್ತರವೇ ನಾಯಿಯ ಬಾಯಿಯ ಎತ್ತರ. ಆದಕಾರಣ ಅವರಿಗೆ ಗಾಯ ಮುಖ, ತಲೆ, ಕುತ್ತಿಗೆಗಳಿಗೆ ಆಗುವುದು ಹೆಚ್ಚು. ಅಲ್ಲಿಂದ ಮೆದುಳಿಗೆ ದಾರಿಯೂ ಹತ್ತಿರ. ಶಂಕಿತ ಹುಚ್ಚು ಪ್ರಾಣಿಗಳಿಂದ ಕಡಿಸಿಕೊಂಡವರಲ್ಲಿ 100ಕ್ಕೆ 40 ಮಂದಿ 15 ವರ್ಷದೊಳಗಿನ ಮಕ್ಕಳೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ವೈದ್ಯರು ಗಾಯವನ್ನು ಮೂರು ದರ್ಜೆಯಾಗಿ ನೋಡುತ್ತಾರೆ. ಗಾಯವಿಲ್ಲದ ಚರ್ಮವನ್ನು ನಾಯಿ ನೆಕ್ಕಿದ್ದರೆ ತೊಳೆದರೆ ಸಾಕು, ಸೂಜಿ ಬೇಡ. ಬರಿ ಮೈಯನ್ನು ಹಲ್ಲಿನಿಂದ ಮೆಲ್ಲಗೆ ಕಚ್ಚಿದ್ದರೆ ಅಥವಾ ರಕ್ತವಿಲ್ಲದ ಗೀರಾಗಿದ್ದರೆ ಲಸಿಕೆ ಬೇಕು. ಹಲ್ಲು ಚರ್ಮವನ್ನು ತೂರಿ ರಕ್ತ ಬಂದಿದ್ದರೆ, ಅಥವಾ ಜೊಲ್ಲು ಹಳೆಯ ಗಾಯಕ್ಕೋ ಕಣ್ಣು ಬಾಯಿಗಳಿಗೋ ತಾಗಿದ್ದರೆ, ಲಸಿಕೆಯೊಡನೆ ಗಾಯದ ಸುತ್ತಲೇ ಚುಚ್ಚುವ ಇನ್ನೊಂದು ಮದ್ದೂ ಬೇಕು. ಅದಕ್ಕೆ ಇಮ್ಯುನೊಗ್ಲೊಬ್ಯುಲಿನ್ ಎನ್ನುತ್ತಾರೆ. ಲಸಿಕೆ ಒಳಗೆ ಬಲ ಹುಟ್ಟಿಸಲು ಕೆಲವು ದಿನ ಬೇಕು. ಅಲ್ಲಿಯವರೆಗೆ ಕಾಯುವುದು ಈ ಮದ್ದು. ದೊಡ್ಡ ಗಾಯವಾಗಿದ್ದರೆ ಇದನ್ನು ಕೇಳಿ ಹಾಕಿಸಿಕೊಳ್ಳಲು ಸಂಕೋಚಪಡಬಾರದು.

ನಮ್ಮ ಹಿರಿಯರಲ್ಲಿ ಅನೇಕರಿಗೆ ಹೊಟ್ಟೆಯ ಮೇಲೆ ಚುಚ್ಚುವ ಹದಿನಾಲ್ಕು ಸೂಜಿಗಳ ನೆನಪು ಇನ್ನೂ ಇದೆ. ಆ ಭಯದಿಂದಲೇ ಆಸ್ಪತ್ರೆಗೆ ಹೋಗದೆ ಮಂತ್ರ, ನಾಟಿ ಮದ್ದುಗಳನ್ನು ನೆಚ್ಚಿ ಕೆಟ್ಟವರುಂಟು. ಆ ಹಳೆಯ ಲಸಿಕೆ ಭಾರತದಲ್ಲಿ 2005ರ ಹೊತ್ತಿಗೆ ನಿಂತುಹೋಯಿತು. ಈಗಿನ ಸೂಜಿಯನ್ನು ತೋಳಿಗೆ ಅಥವಾ ಚಿಕ್ಕ ಮಕ್ಕಳಾದರೆ ತೊಡೆಗೆ ಹಾಕುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಚರ್ಮದೊಳಗೆ ಕೊಡುವ ಕ್ರಮವಿದೆ: ಮೊದಲ ದಿನವನ್ನು ಸೊನ್ನೆ ಎಂದಿಟ್ಟುಕೊಂಡು 0, 3, 7 ಮತ್ತು 28ನೆಯ ದಿನ, ಒಟ್ಟು ನಾಲ್ಕು ಸಲ. ಮಾಂಸಖಂಡಕ್ಕೆ ಕೊಡುವ ಕ್ರಮದಲ್ಲಿ 0, 3, 7, 14, 28 ಎಂದು ಐದು ಸಲ. ಸರ್ಕಾರಿ ಮತ್ತು ನಗರಪಾಲಿಕೆಯ ಆಸ್ಪತ್ರೆಗಳಲ್ಲಿ ಲಸಿಕೆ ಉಚಿತ. ಕೊಟ್ಟ ಚೀಟಿಯನ್ನು ಜೋಪಾನವಾಗಿಡಬೇಕು. ನಡುವೆ ಊರಿಗೆ ಹೋಗಬೇಕಾಗಿ ಬಂದರೆ ಆ ಚೀಟಿ ತೋರಿಸಿ ಅಲ್ಲಿಯ ತಾಲೂಕು ಆಸ್ಪತ್ರೆಯಲ್ಲಿ ಮುಂದಿನ ಸೂಜಿ ಹಾಕಿಸಬಹುದು. ನೋವಿಲ್ಲ, ಗಾಯ ಮಾಯ್ದಿದೆ ಎಂದು ನಡುವೆ ಬಿಡುವುದು ಮಾತ್ರ ಕೂಡದು.

“ನಮ್ಮ ನಾಯಿ ಮನೆಯದು, ಅದಕ್ಕೆಲ್ಲಿಯ ಹುಚ್ಚು?” ಎಂದು ಕೇಳುವವರುಂಟು. ಹೊಸದಾಗಿ ಬಂದ ನಾಯಿಯ ಹಿಂದಿನ ಕಥೆ ನಮಗೆ ತಿಳಿದಿರುವುದಿಲ್ಲ. ಬರುವ ಮೊದಲು ಅದನ್ನು ಯಾವ ಪ್ರಾಣಿ ಕಚ್ಚಿತ್ತೋ ಯಾರು ಬಲ್ಲರು! ಮರಿಗಳಿಗೂ ಈ ರೋಗ ತಗಲುತ್ತದೆ. ಕಚ್ಚಿದ ನಾಯಿಯನ್ನು 10 ದಿನ ಕಟ್ಟಿಹಾಕಿ, ಅನ್ನ ನೀರು ಕೊಟ್ಟು, ಗಮನಿಸಬೇಕು. ಹತ್ತು ದಿನ ಕಳೆದೂ ಅದು ಆರೋಗ್ಯವಾಗಿದ್ದರೆ, ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ರೋಗವಿರಲಿಲ್ಲವೆಂದು ತಿಳಿಯಬಹುದು. ಆಗ ಉಳಿದ ಸೂಜಿಗಳ ವಿಚಾರವನ್ನು ವೈದ್ಯರು ನಿರ್ಧರಿಸುತ್ತಾರೆ. ಸಿಟ್ಟಿನಿಂದ ನಾಯಿಯನ್ನು ಕೊಂದರೆ ಅಥವಾ ಓಡಿಸಿಬಿಟ್ಟರೆ ಹೀಗೆ ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಆದರೆ ಹತ್ತು ದಿನ ನೋಡಿ ಆಮೇಲೆ ಸೂಜಿ ಹಾಕಿಸೋಣ ಎನ್ನುವುದು ತಪ್ಪು. ಸೂಜಿ ಮೊದಲು, ನೋಡುವುದು ಜೊತೆಜೊತೆಗೆ.

ಲೂಯಿ ಪಾಶ್ಚರ್ ಎಂಬ ಫ್ರೆಂಚ್ ವಿಜ್ಞಾನಿ ಈ ಲಸಿಕೆಯನ್ನು ಮೊದಲ ಬಾರಿ ಕೊಟ್ಟದ್ದು 1885ರ ಜುಲೈ 6ರಂದು, ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ. ಹುಡುಗ ಬದುಕಿ ದೊಡ್ಡವನಾದ. ನಮ್ಮ ದೇಶದಲ್ಲಿ ಕಸೌಲಿಯಲ್ಲಿಯೂ, 1907ರಿಂದ ನೀಲಗಿರಿಯ ಕೂನೂರಿನಲ್ಲಿಯೂ ಪಾಶ್ಚರನ ಹೆಸರಿನ ಸಂಸ್ಥೆಗಳು ಈ ಕೆಲಸಕ್ಕೆಂದೇ ನಡೆದವು. ಒಂದು ಕಾಲದಲ್ಲಿ ರೈಲು ಹತ್ತಿ ಬೆಟ್ಟಕ್ಕೆ ಹೋಗಿ ಪಡೆಯಬೇಕಾಗಿದ್ದ ಮದ್ದು ಇಂದು ನಗರದ ಆಸ್ಪತ್ರೆಯಲ್ಲಿದೆ. ಅದನ್ನು ಬಿಟ್ಟು ಮಗುವನ್ನು ಅಪಾಯಕ್ಕೆ ಒಡ್ಡಿದರೆ ತಪ್ಪು ನಾಯಿಯದಲ್ಲ.

ನಾಯಿ ಏಕೆ ಬಾಯಿ ಹಾಕುತ್ತದೆ?

ಇನ್ನು ಕಾರಣದ ವಿಚಾರ. ನಾಯಿ ಸಾಕುವುದು ನಮಗೆ ಹೊಸದಲ್ಲ. ಆದರೆ ಊರಿನ ನಾಯಿ ಇರುತ್ತಿದ್ದುದು ಕಣದಲ್ಲಿ, ಹಿತ್ತಲಿನಲ್ಲಿ, ಕಟ್ಟೆಯ ಕೆಳಗೆ. ಮಗು ಬಾಲ ಹಿಡಿದು ಎಳೆದರೆ ಅದು ಎದ್ದು ಹೊಲದ ಕಡೆ ಹೋಗಿಬಿಡುತ್ತಿತ್ತು. ಜಗಳ ಅಲ್ಲಿಗೆ ಮುಗಿಯುತ್ತಿತ್ತು. ಮುಂಬಯಿಯ ಚಾಳಿನ ಒಂದು ಖೋಲಿಯಲ್ಲಾಗಲಿ, ದಿಲ್ಲಿಯ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಾಗಲಿ, ನಾಯಿಗೆ ಎದ್ದು ಹೋಗಲು ಜಾಗವಿಲ್ಲ. ಉಣ್ಣುವುದು, ಮಲಗುವುದು, ಮಗುವಿನ ಆಟ, ಅಡಿಗೆ ಎಲ್ಲವೂ ಹತ್ತು ಅಡಿ ನೆಲದೊಳಗೆ. ದೂರ ಹೋಗಲಾರದ ನಾಯಿ, ಎದುರಿಗಿದ್ದವರನ್ನು ದೂರ ಕಳಿಸಲು ನೋಡುತ್ತದೆ. ಅದಕ್ಕಿರುವ ಸಾಧನ ಹಲ್ಲು ಒಂದೇ. ಊರಿನಲ್ಲಿ ಕಂಡ ಅನುಭವದಿಂದ ಇಲ್ಲಿ ನಡೆಯಲು ಹೋದರೆ ಮೋಸಹೋಗುವುದು ಈ ಕಾರಣದಿಂದ.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಬಾಗಲಕೋಟೆ ಕಡೆಯ ಗುಮಾಸ್ತರೊಬ್ಬರು ಡೊಂಬಿವಲಿಯಲ್ಲಿ ಎರಡು ಖೋಲಿಯ ಮನೆಯಲ್ಲಿದ್ದಾರೆ. ಮೂರು ವರ್ಷದ ಮಗಳಿದ್ದಾಳೆ. ಊರಿನಿಂದ ಒಂದು ವರ್ಷದ ಮುಧೋಳ ನಾಯಿಯನ್ನು ತಂದಿದ್ದಾರೆ. ಮುಧೋಳ ನಾಯಿ ನಮ್ಮ ನಾಡಿನ ಹೆಮ್ಮೆ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಸ್ಟಾಂಪನ್ನೂ ಹೊರಡಿಸಿತು. ಆದರೆ ಅದು ಬಯಲಿನಲ್ಲಿ ಮೊಲದ ಬೆನ್ನಟ್ಟಿ ಓಡಲೆಂದು ಬೆಳೆದ ಬೇಟೆಯ ತಳಿ. ಹೊಸಬರು ಮೈ ಮುಟ್ಟುವುದು ಅದಕ್ಕೆ ಸೇರದೆಂದು ಬಲ್ಲವರು ಹೇಳುತ್ತಾರೆ. ಅಂಥದು ಹಗಲೆಲ್ಲ ಬಾಗಿಲ ಮೂಲೆಯಲ್ಲಿ ಸರಪಳಿಯಲ್ಲಿದೆ. ಓಟವಿಲ್ಲ. ಲೋಕಲ್ ಗಾಡಿಗಳ ಸದ್ದು ಹೊಸದು. ಮನೆಯವರ ಮುಖವೂ ಹೊಸದು. ಮಗು ಅದರ ತಟ್ಟೆಯ ಹತ್ತಿರ ಕುಳಿತು ರೊಟ್ಟಿಯ ಚೂರಿಗೆ ಕೈ ಹಾಕುತ್ತದೆ, ಮಲಗಿದಾಗ ಕುತ್ತಿಗೆ ತಬ್ಬುತ್ತದೆ, ಕಿವಿ ಎಳೆಯುತ್ತದೆ. ಮಗುವಿಗೆ ಅದು ಪ್ರೀತಿ. ನಾಯಿಗೆ ಅದು ಮೈಮೇಲೆ ಬೀಳುವುದು. ನಾಯಿಗಳು ತಮ್ಮೊಳಗೆ ತಬ್ಬಿಕೊಂಡು ಪ್ರೀತಿ ತೋರಿಸುವುದಿಲ್ಲ.

ಈ ಮನೆಯ ನಾಯಿ ಬಾಯಿ ಹಾಕಿದರೆ ಅದನ್ನು ದುಷ್ಟ ಎನ್ನಲಾಗದು. ಹೆದರಿಕೆ, ಅನ್ನವನ್ನು ಕಸಿದುಕೊಳ್ಳುವರೆಂಬ ಶಂಕೆ, ನಿದ್ದೆಗೆ ಭಂಗ, ಎಂಬಿವು ಹೊಸ ನಾಯಿಯ ಮುಖ್ಯ ಕಾರಣಗಳು. ನಾಲ್ಕನೆಯದು ನೋವು. ಕಿವಿಯೊಳಗೆ ಕೀವು, ಉಣ್ಣೆ, ಹುಣ್ಣು, ಹಲ್ಲುನೋವು, ಸೊಂಟದ ಪೆಟ್ಟು ಇದ್ದರೆ ಸಾಧು ನಾಯಿಯೂ ಮುಟ್ಟಿದವರನ್ನು ಕಚ್ಚಲು ಬರುತ್ತದೆ. ಆದುದರಿಂದ ಮನೆಗೆ ಬಂದ ನಾಯಿಯನ್ನು ಮೊದಲು ಪಶುವೈದ್ಯರಿಗೆ ತೋರಿಸಬೇಕು. ಮುಂಬಯಿಯವರಿಗೆ ಪರೇಲಿನ ಬಾಯಿ ಸಕರಬಾಯಿ ದಿನ್‌ಶಾ ಪೆಟಿಟ್ ಪಶು ಆಸ್ಪತ್ರೆ, ಚೆನ್ನೈಯವರಿಗೆ ವೇಪೇರಿಯಲ್ಲಿ 1903ರಿಂದ ನಡೆದಿರುವ ಪಶುವೈದ್ಯ ಕಾಲೇಜಿನ ಆಸ್ಪತ್ರೆ ಉಂಟು. ಬೇರೆ ಊರುಗಳಲ್ಲಿ ಸರ್ಕಾರಿ ದನದ ಆಸ್ಪತ್ರೆಗಳಿವೆ. ಅಲ್ಲಿಯೇ ನಾಯಿಗೆ ರೇಬೀಸ್ ಲಸಿಕೆಯನ್ನೂ ಹಾಕಿಸಬೇಕು. ಮರಿಗೆ ಮೂರು ತಿಂಗಳಾದಾಗ ಮೊದಲನೆಯದು, ಆಮೇಲೆ ವೈದ್ಯರು ಹೇಳಿದಂತೆ ಇನ್ನೊಂದು, ಮುಂದೆ ವರ್ಷಕ್ಕೊಮ್ಮೆ.

ಮರಿಯ ವಿಷಯ ಸ್ವಲ್ಪ ಬೇರೆ. ಮೂರರಿಂದ ಏಳು ತಿಂಗಳವರೆಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಕಾಲ, ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ಬಾಲ ಆಡಿಸುತ್ತ, ಮೈ ಸಡಿಲ ಬಿಟ್ಟು ಕೈ ಕಡಿಯುವುದು ಆಟ. ಮೈ ಬಿಗಿಹಿಡಿದು, ಗುರುಗುಟ್ಟಿ, ಒಮ್ಮೆಲೆ ಬಾಯಿ ಹಾಕುವುದು ಆಟವಲ್ಲ. ಎರಡು ತಿಂಗಳು ತುಂಬುವ ಮೊದಲೇ ತಾಯಿಯಿಂದ ಬಿಡಿಸಿ ತಂದ ಮರಿಗೆ ಎಷ್ಟು ಕಚ್ಚಿದರೆ ನೋವಾಗುತ್ತದೆಂಬುದು ಗೊತ್ತಾಗುವುದು ತಡ. ಜೊತೆಯ ಮರಿಗಳೊಡನೆ ಕಚ್ಚಾಡುತ್ತಲೇ ಅದು ಆ ಪಾಠ ಕಲಿಯುತ್ತದೆ. ಆಟವೇ ಆದರೂ ಹಲ್ಲು ತಾಗಿ ಗೀರಾದರೆ ಮೇಲೆ ಹೇಳಿದ ಆಸ್ಪತ್ರೆಯ ಮಾತು ತಪ್ಪದು.

ಕಚ್ಚುವ ಮೊದಲು ಅದು ಹೇಳುವ ಮಾತು

ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ನಂಬಿ ಮಕ್ಕಳನ್ನು ಬಿಡಬಾರದು. ಬೊಗಳಿದ ನಾಯಿಯೂ ಕಚ್ಚುತ್ತದೆ. ಆದರೆ ಬಹುಪಾಲು ನಾಯಿಗಳು ಕಚ್ಚುವ ಮೊದಲು ಹಲವು ಸಲ ಬೇಡವೆಂದು ಹೇಳಿರುತ್ತವೆ. ಮೊದಲು ಮುಖ ಆಚೆ ತಿರುಗಿಸುತ್ತದೆ. ಹಸಿವಿಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುತ್ತದೆ, ನಿದ್ದೆಯಿಲ್ಲದಿದ್ದರೂ ಆಕಳಿಸುತ್ತದೆ. ಕಿವಿ ಹಿಂದಕ್ಕೆ ಒತ್ತಿ, ಬಾಲ ಕಾಲ ನಡುವೆ ಸೇರಿಸಿ, ಎದ್ದು ದೂರ ಹೋಗಲು ನೋಡುತ್ತದೆ. ಕಡೆಗಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತದೆ. ಆಮೇಲೆ ಕಲ್ಲಿನಂತೆ ಮೈ ಬಿಗಿಯುತ್ತದೆ. ಆ ಮೇಲೆ ಗುರುಗುಟ್ಟುತ್ತದೆ, ಹಲ್ಲು ಕಿರಿಯುತ್ತದೆ, ಗಾಳಿಯಲ್ಲಿ ಬಾಯಿ ಹಾಕುತ್ತದೆ. ಕಚ್ಚುವುದು ಕೊನೆಯ ಮೆಟ್ಟಿಲು. ಮೂರು ವರ್ಷದ ಮಗುವಿಗೆ ಇದಾವುದೂ ತಿಳಿಯದು. ಹಲ್ಲು ಕಿರಿದ ನಾಯಿ ನಗುತ್ತಿದೆಯೆಂದೇ ಎಳೆಯ ಮಕ್ಕಳು ಭಾವಿಸುವುದುಂಟು. ಆ ಮಾತನ್ನು ಓದಬೇಕಾದವರು ದೊಡ್ಡವರು.

ಇಲ್ಲಿಯೇ ಅನೇಕರು ಎಡವುವುದು. ಗುರುಗುಟ್ಟಿದ ಕೂಡಲೆ ನಾಯಿಗೆ ಹೊಡೆಯುತ್ತಾರೆ. ಪೆಟ್ಟು ತಿಂದ ನಾಯಿ ಗುರುಗುಟ್ಟುವುದನ್ನು ಬಿಡಬಹುದು. ಅದರ ಹೆದರಿಕೆ ಹೋಗುವುದಿಲ್ಲ. ಮಗು ಹತ್ತಿರ ಬಂದಾಗಲೆಲ್ಲ ಪೆಟ್ಟು ಬೀಳುತ್ತದೆಂದು ಅದು ಕಲಿಯುತ್ತದೆ. ಮಗುವಿನ ಮೇಲಿನ ದ್ವೇಷ ಹೆಚ್ಚುತ್ತದೆ. ಮುಂದೊಂದು ದಿನ ಸದ್ದಿಲ್ಲದೆ ನೇರವಾಗಿ ಕಚ್ಚುತ್ತದೆ. ರೈಲಿನ ಸೀಟಿಯ ಸದ್ದು ಬೇಡವೆಂದು ಸೀಟಿಯನ್ನು ಕಿತ್ತರೆ ರೈಲು ನಿಲ್ಲುವುದಿಲ್ಲ; ಹಳಿ ದಾಟುವವನಿಗೆ ಎಚ್ಚರಿಕೆ ಸಿಗುವುದಿಲ್ಲ, ಅಷ್ಟೆ. ಗುರುಗುಟ್ಟಿದಾಗ ಮಾಡಬೇಕಾದುದು ಮಗುವನ್ನು ಶಾಂತವಾಗಿ ಎತ್ತಿಕೊಂಡು ದೂರ ಹೋಗುವುದು, ಆಮೇಲೆ ಯಾವ ಕಾರಣಕ್ಕೆ ಗುರುಗುಟ್ಟಿತೆಂದು ಯೋಚಿಸುವುದು. ಹೊತ್ತು, ಜಾಗ, ಕಾರಣ ಇವನ್ನು ಒಂದು ಚೀಟಿಯಲ್ಲಿ ಬರೆದಿಟ್ಟರೆ ವಾರದೊಳಗೆ ವಿಷಯ ಸ್ಪಷ್ಟವಾಗುತ್ತದೆ. ಪಶುವೈದ್ಯರಿಗೂ ಅದು ನೆರವಾಗುತ್ತದೆ.

ಚಿಕ್ಕ ಮನೆಯಲ್ಲಿ ಎರಡು ಜಾಗ

ಮುಖ್ಯ ಉಪಾಯ ಇಷ್ಟೆ: ನಾಯಿಗೆ ಮಗು ಮುಟ್ಟಲಾರದ ಒಂದು ಜಾಗ, ಮಗುವಿಗೆ ನಾಯಿ ಮುಟ್ಟಲಾರದ ಒಂದು ಜಾಗ. ಬಂಗಲೆ ಇದ್ದವರಿಗೆ ಮಾತ್ರ ಇದು ಸಾಧ್ಯವೆಂದೇನೂ ಇಲ್ಲ. ತೆವಳುವ ಮಗು ಮೆಟ್ಟಿಲಿಗೆ ಹೋಗದಂತೆ ಬಾಗಿಲಿಗೆ ಅಡ್ಡಹಲಗೆ ಇಡುವ ರೂಢಿ ನಮ್ಮಲ್ಲಿದೆ. ಅದನ್ನೇ ನಾಯಿ ಹಾರಲಾರದಷ್ಟು ಎತ್ತರವಾಗಿ, ಭದ್ರವಾಗಿ ಮಾಡಿಸಿದರೆ ಎರಡು ಖೋಲಿಗಳ ನಡುವೆ ಗಡಿಯಾಯಿತು. ಒಂದೇ ಖೋಲಿ ಇದ್ದವರು ಮಂಚವನ್ನು ಸರಿಸಿ, ಒಂದು ಮೂಲೆಗೆ ಬಲವಾದ ಜಾಲರಿ ಕಟ್ಟಿ, ಅಲ್ಲಿ ಗೋಣಿತಟ್ಟು, ನೀರಿನ ಬಟ್ಟಲು ಇಡಬಹುದು. ಅಲ್ಲಿಗೆ ಹೋದ ನಾಯಿಯನ್ನು ಯಾರೂ ಎಳೆದು ತರಬಾರದು. ಶಿಕ್ಷೆಯೆಂದು ಅಲ್ಲಿ ಕೂಡಿಹಾಕಲೂಬಾರದು; ಅದು ಅದರ ನೆಮ್ಮದಿಯ ಸ್ಥಳ.

ಬರಿ ಸರಪಳಿಯಲ್ಲಿ ಕಟ್ಟಿ ಮಗುವನ್ನು ಸುತ್ತ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಕಟ್ಟಿದ ನಾಯಿ ಓಡಲಾರದು, ಮಗು ಹತ್ತಿರ ಬರಬಲ್ಲದು. ಚಾಳಿನ ಸಾಮಾನ್ಯ ಗ್ಯಾಲರಿಯಲ್ಲಿ ಕಟ್ಟಿದರೆ ನೆರೆಯ ಮಕ್ಕಳಿಗೂ ಅದೇ ಅಪಾಯ. ತಟ್ಟೆ ಇಡುವುದು ಜಾಲರಿಯ ಒಳಗೆ. ತಿಂದು ಮುಗಿದ ಮೇಲೆ ನಾಯಿ ಆಚೆ ಹೋದಾಗ ತಟ್ಟೆ ತೆಗೆಯಬೇಕು. ದೊಡ್ಡವರೊಬ್ಬರ ಕಣ್ಣು ಪೂರ್ತಿಯಾಗಿ ಇಲ್ಲದಾಗ, ಅಂದರೆ ತಾಯಿ ಒಲೆಯ ಮುಂದೆ ಇದ್ದಾಗ, ನೀರು ತುಂಬುವಾಗ, ತಂದೆ ಪಾಳಿ ಮುಗಿಸಿ ಮಲಗಿದಾಗ, ಇಬ್ಬರನ್ನೂ ಒಂದೇ ಜಾಗದಲ್ಲಿ ಬಿಡಬಾರದು. ಒಂದು ಕ್ಷಣದಲ್ಲಿ ಏನಾದೀತು ಎನ್ನಬೇಡಿ. ಕಚ್ಚಲು ಒಂದು ಕ್ಷಣವೇ ಸಾಕು.

ಅಲ್ಲದೆ ಬೆಳಗಿನ ಜಾವ ಮತ್ತು ಸಂಜೆ ನಾಯಿಯನ್ನು ಹಗ್ಗ ಹಿಡಿದು ಮೈದಾನಕ್ಕೆ ಒಯ್ಯಬೇಕು. ದಣಿದ ನಾಯಿ ಮನೆಯಲ್ಲಿ ಮಲಗುತ್ತದೆ. ದಣಿಯದ್ದು ಮನೆಯನ್ನು ಕಾಡುತ್ತದೆ. ಕಣದಲ್ಲಿ ಎತ್ತಿಗೆ ಬಾಯಿಕುಕ್ಕೆ ಕಟ್ಟುವಂತೆ ನಾಯಿಗೂ ಬುಟ್ಟಿಯಾಕಾರದ ಬಾಯಿಕುಕ್ಕೆ ಸಿಗುತ್ತದೆ. ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಆಗುವಂಥದನ್ನು ಆರಿಸಿ, ತಿಂಡಿ ಕೊಡುತ್ತ ಮೆಲ್ಲಗೆ ಅಭ್ಯಾಸ ಮಾಡಿಸಬೇಕು. ಬಟ್ಟೆಯಿಂದ ಬಾಯಿ ಬಿಗಿದು ಕಟ್ಟುವುದು ಸಲ್ಲದು. ಸೆಕೆಯಲ್ಲಿ ಪ್ರಾಣಕ್ಕೇ ಬಂದೀತು. ದೀಪಾವಳಿಯ ಪಟಾಕಿ ದಿನಗಳಲ್ಲಿ, ನೆಂಟರು ತುಂಬಿದಾಗ, ನಾಯಿಯನ್ನು ಅದರ ಮೂಲೆಯಲ್ಲೇ ಇರಿಸುವುದು ಕ್ಷೇಮ.

ಇಬ್ಬರಿಗೂ ಪಾಠ

ಮಗುವಿಗೆ ಮೂರು ಮಾತು ಕಲಿಸಿದರೆ ಸಾಕು. “ಉಣ್ಣೋ ನಾಯೀನ ಮುಟ್ಟಬಾರ್ದು ತಂಗೀ. ಮಲಗಿದ್ದನ್ನ ಎಬ್ಬಿಸಬಾರ್ದು. ಅದರ ಮೂಲಿಗೆ ಹೋಗಬಾರ್ದು.” ದಿನಾಲು ಹೇಳಬೇಕು. ನಾಯಿ ಮೈಮೇಲೆ ಬಂದರೆ ಕಿರುಚಿ ಓಡದೆ ಮರದಂತೆ ಕೈ ಮಡಚಿ ನಿಲ್ಲುವುದನ್ನು ಆಟವಾಗಿ ಕಲಿಸಬಹುದು. ಹೀಗೆ ಕಲಿಸಿದೆವೆಂದು ಮಾತ್ರ ನಂಬಿ ಕೂಡಲಾಗದು. ಐದು ವರ್ಷದೊಳಗಿನ ಮಗು ಮಾತು ಮರೆಯುವುದು ಸಹಜ. ಗಡಿ ಕಾಯುವವರು ನಾವೇ.

ನಾಯಿಗೆ ಕಲಿಸುವುದೆಂದರೆ ಮಗುವಿನ ಬರವು ಒಳ್ಳೆಯದೆಂದು ತೋರಿಸುವುದು. ಜಾಲರಿಯ ಆಚೆ, ನಾಯಿ ನಿಶ್ಚಿಂತೆಯಿಂದ ಇರುವಷ್ಟು ದೂರದಲ್ಲಿ, ತಾಯಿ ಮಗುವನ್ನು ಎತ್ತಿಕೊಂಡು ಬರಲಿ. ಆಗ ತಂದೆ ನಾಯಿಗೆ ಒಂದು ತುಂಡು ರೊಟ್ಟಿಯನ್ನೋ ಬೇಯಿಸಿದ ಮೊಟ್ಟೆಯ ಚೂರನ್ನೋ ಕೊಡಲಿ. ಮಗು ಹೋದ ಮೇಲೆ ಕೊಡುವುದು ನಿಲ್ಲಲಿ. ದಿನಕ್ಕೆ ಐದು ನಿಮಿಷ ಹೀಗೆ ಮಾಡಿ, ವಾರಗಳ ಮೇಲೆ ಸ್ವಲ್ಪ ಸ್ವಲ್ಪ ಹತ್ತಿರ ತರಬೇಕು. ನಾಯಿ ತುಟಿ ನೆಕ್ಕಿದರೆ, ಮುಖ ತಿರುಗಿಸಿದರೆ, ಹತ್ತಿರವಾಯಿತೆಂದು ತಿಳಿದು ಹಿಂದೆ ಸರಿಯಬೇಕು. ಬೇಗ ಸ್ನೇಹವಾಗಲೆಂದು ಮಗುವಿನ ಕೈಯಿಂದ ತಿನ್ನಿಸುವುದು, ಮಗುವನ್ನು ಬೆನ್ನ ಮೇಲೆ ಕೂರಿಸುವುದು, ಇಬ್ಬರ ಮುಖ ಹತ್ತಿರ ತಂದು ಫೋಟೋ ತೆಗೆಯುವುದು, ಇವು ಬೇಡವೇ ಬೇಡ.

ಇಟ್ಟುಕೊಳ್ಳುವುದೋ ಬಿಡುವುದೋ?

ಇಷ್ಟೆಲ್ಲ ಮಾಡಿಯೂ ಕೆಲವು ಮನೆಗಳಲ್ಲಿ ಇಬ್ಬರೂ ಕೂಡಿ ಬಾಳಲಾರರು. ಹಲ್ಲು ಆಳವಾಗಿ ಇಳಿದಿದ್ದರೆ, ಮುನ್ಸೂಚನೆ ಇಲ್ಲದೆ ಕಚ್ಚಿದ್ದರೆ, ಮಗು ಎದುರಿಗೆ ಬಂದೊಡನೆ ಬೆನ್ನಟ್ಟುತ್ತಿದ್ದರೆ, ಅಥವಾ ಗಡಿ ಕಾಯಲು ಮನೆಯಲ್ಲಿ ದೊಡ್ಡವರೇ ಇಲ್ಲದಿದ್ದರೆ, ನಾಯಿಯನ್ನು ಇಟ್ಟುಕೊಳ್ಳುವುದು ಸರಿಯಲ್ಲ. ಮಗುವಿನ ಮುಖ್ಯತೆಯ ಮುಂದೆ ನಮ್ಮ ಮಮತೆ ಎರಡನೆಯದು. ಇದರಲ್ಲಿ ನಾಚಿಕೆಪಡುವ ಕಾರಣವಿಲ್ಲ. ಮಕ್ಕಳಿಲ್ಲದ ಮನೆಗೋ, ಊರಿನ ತೋಟ ಹೊಲಗಳಲ್ಲಿರುವ ಬಲ್ಲವರಿಗೋ, ನಡೆದದ್ದನ್ನು ಮುಚ್ಚಿಡದೆ ಹೇಳಿ ಕೊಡಬೇಕು. ಮುಚ್ಚಿಟ್ಟು ಕೊಟ್ಟರೆ ನಮ್ಮ ಮಗುವಿನ ಅಪಾಯವನ್ನು ಇನ್ನೊಬ್ಬರ ಮಗುವಿಗೆ ದಾಟಿಸಿದಂತೆ.

ರಾತ್ರಿ ಚೀಲದಲ್ಲಿ ಹಾಕಿ ದೂರದ ಸ್ಟೇಷನ್ನಿನಲ್ಲಿ ಬಿಟ್ಟು ಬರುವುದು ದಾರಿಯಲ್ಲ. ಹೆದರಿದ, ಹಸಿದ ನಾಯಿ ಅಲ್ಲಿಯ ಮಕ್ಕಳ ನಡುವೆ ತಿರುಗುತ್ತದೆ. ಸಾಕಿದ ಪ್ರಾಣಿಯನ್ನು ಸಕಾರಣವಿಲ್ಲದೆ ಹಸಿವು ಬಾಯಾರಿಕೆಗಳಿಗೆ ಗುರಿಯಾಗುವಂತೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧವೂ ಹೌದು. ರುಕ್ಮಿಣಿದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಈ ವಿಷಯವಾಗಿ ಮಸೂದೆ ತಂದು ಮಾಡಿದ ಪ್ರಯತ್ನದ ಫಲವಾಗಿ ಆ ಕಾಯಿದೆ ಬಂದಿತು.

ನಾಯಿ ತರಬೇಕೆಂದು ಇನ್ನೂ ಯೋಚಿಸುತ್ತಿರುವ ಬಂಧುಗಳು ಮೊದಲು ತಮ್ಮ ಮನೆಯ ನೆಲವನ್ನು ಒಮ್ಮೆ ನೋಡಿಕೊಳ್ಳಲಿ. ನಾಯಿ ಎದ್ದು ದೂರ ಹೋಗಿ ಮಲಗಲು ಒಂದು ಮೂಲೆ ಉಂಟೇ? ಅದನ್ನು ದಿನಕ್ಕೆ ಎರಡು ಸಲ ಹೊರಗೆ ಒಯ್ಯಲು ಒಬ್ಬರಿಗೆ ಬಿಡುವುಂಟೇ? ಮಗುವಿನ ಮೇಲೆ ಕಣ್ಣಿಡಲು ಇನ್ನೊಬ್ಬರಿದ್ದಾರೆಯೇ? ಮೂರಕ್ಕೂ ಹೌದೆನ್ನುವವರು ಧೈರ್ಯವಾಗಿ ತರಬಹುದು. ಇಲ್ಲವೆನ್ನುವವರು ಮಗು ಆರೇಳು ವರ್ಷದ್ದಾಗುವವರೆಗೆ ಕಾಯುವುದೇ ಮಗುವಿಗೂ ನಾಯಿಗೂ ಒಳ್ಳೆಯದು.